ಹಾಸು ಎಳೆಯುತ್ತಿದ್ದ ಬಯಲು

ಚಳ್ಳಕೆರೆಯಲ್ಲಿ ತಾಲ್ಲೂಕು ಕಚೇರಿಗೆ ಹತ್ತಿರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕುಳಿತು ಜನರ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಪಹಣಿ ತಿದ್ದುಪಡಿ, ವಿಧವಾ ವೇತನ, ಸತ್ತ ಕುರಿಗೆ ಪರಿಹಾರ, ರೇಷನ್ ಕಾರ್ಡಿಗೆ ಸೊಸೆಯ ಹೆಸರು, ಏನೇ ಇರಲಿ, ತಳಕಿನಿಂದಲೋ ಸಿದ್ದಾಪುರದಿಂದಲೋ ಬಂದವರು ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. 'ಆ ಯಮ್ಮ ಬರೆದ್ರೆ ಅರ್ಜಿ ವಾಪಸ್ ಬರಲ್ಲ' ಎಂಬ ಹೆಸರು ನನಗಿದೆ. ಆ ಹೆಸರು ಬಂದದ್ದು ಒಂದೇ ಗುಟ್ಟಿನಿಂದ. ಕೇಳಿದ್ದಕ್ಕಷ್ಟೇ ಉತ್ತರ ಬರೆಯಬೇಕು. ಒಂದಕ್ಷರ ಹೆಚ್ಚಿಗೆ ಬರೆದರೆ ಅಲ್ಲೊಂದು ಪ್ರಶ್ನೆ ಹುಟ್ಟುತ್ತದೆ, ಪ್ರಶ್ನೆ ಹುಟ್ಟಿದರೆ ಫೈಲು ನಿಲ್ಲುತ್ತದೆ. ಈ ಜಾಣತನದಿಂದಲೇ ನಾನು ನಮ್ಮ ಕಾಲೊನಿಯ ಬಯಲನ್ನು ಕಳೆದೆ. ಅದನ್ನು ಬೇರೆ ಯಾರೋ ಕಿತ್ತುಕೊಂಡರು ಎಂದು ಹೇಳಿಕೊಂಡು ತಿರುಗಿದ್ದರೆ ಜನ ನಂಬುತ್ತಿದ್ದರೇನೋ. ನನಗೇ ನಂಬಿಕೆ ಬರಲಿಲ್ಲ.

ನಮ್ಮ ಮನೆ ಇರುವುದು ಮೊಳಕಾಲ್ಮೂರಿನಲ್ಲಿ. ಸರ್ಕಾರ ರೇಷ್ಮೆ ನೇಯುವವರಿಗೆಂದು ಕಟ್ಟಿಸಿದ ನಲವತ್ತು ಮನೆಗಳ ಕಾಲೊನಿ. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ಸಂಸಾರ. ಮಗ್ಗದ ಕೆಳಗೆ ನೆಲದಲ್ಲಿ ಸೊಂಟದವರೆಗಿನ ಗುಂಡಿ. ನೇಯುವವರು ಗುಂಡಿಯ ಅಂಚಿಗೆ ಕುಳಿತು, ಕಾಲನ್ನು ಒಳಗೆ ಇಳಿಬಿಟ್ಟು ಮಣೆ ತುಳಿಯುತ್ತಾರೆ. ಮನೆಗಳು ನಮ್ಮ ಹೆಸರಿನಲ್ಲಿಲ್ಲ. ಗೋಡೆ, ನೆಲ, ಮನೆಗಳ ಎದುರಿಗಿದ್ದ ಬಯಲು ಎಲ್ಲವೂ ವಸತಿ ಕಚೇರಿಯ ಆಸ್ತಿ. ಇರುವವರೆಗೆ ಇರಬಹುದು, ಮಾರುವಂತಿಲ್ಲ.

ಆ ಮನೆಯಲ್ಲಿ ನೇಯುತ್ತಿದ್ದವರು ನನ್ನ ಅತ್ತಿಗೆ. ಅಣ್ಣ ಗೂಡ್ಸ್ ಆಟೊ ಓಡಿಸುತ್ತಾನೆ. ನಾನು ಗಂಡನ ಮನೆ ಬಿಟ್ಟು ಒಂದು ಚೀಲ ಹಿಡಿದು ಬಂದು ಬಾಗಿಲಲ್ಲಿ ನಿಂತಾಗ ಅವನು ನೆಲ ನೋಡುತ್ತಾ ನಿಂತಿದ್ದ. ಅತ್ತಿಗೆ ಮಗ್ಗದಿಂದೆದ್ದು ಬಂದು ಚೀಲ ಇಸಿದುಕೊಂಡರು. "ಮಗ್ಗದ ಪಕ್ಕ ಚಾಪೆ ಹಾಸ್ಕೋ. ಲಾಳಿ ಸದ್ದಿಗೆ ನಿದ್ದೆ ಬಂದ್ರೆ ನಿನ್ ಪುಣ್ಯ" ಎಂದರು. ಎಷ್ಟು ದಿನ ಇರುತ್ತೀಯಾ ಎಂದು ಅವತ್ತೂ ಕೇಳಲಿಲ್ಲ, ಆಮೇಲೆಯೂ ಕೇಳಲಿಲ್ಲ. ರಾಯದುರ್ಗದ ಕಡೆಯವರು ಅವರು. ಸಿಟ್ಟು ಬಂದರೆ ತೆಲುಗು, ಖುಷಿಯಾದರೂ ತೆಲುಗು, ಸೀರೆಯ ಬೆಲೆ ಮಾತಾಡುವಾಗ ಮಾತ್ರ ಖಡಕ್ ಕನ್ನಡ. ಅಂಥವರ ಅನ್ನ ಉಂಡು ನಾನು ಮಾಡಿದ ಕೆಲಸವನ್ನು ಬರೆಯಲು ಕುಳಿತಿದ್ದೇನೆ.

ಬಯಲಿನ ವಿಷಯ ಮೊದಲು ಹೇಳಬೇಕು. ಸೀರೆಯ ಉದ್ದಕ್ಕೆ ಹೋಗುವ ಎಳೆಗಳಿಗೆ ಹಾಸು ಎನ್ನುತ್ತೇವೆ. ಮಗ್ಗಕ್ಕೇರಿಸುವ ಮೊದಲು ಹಾಸನ್ನು ಒಮ್ಮೆ ಪೂರ್ತಿ ಬಿಡಿಸಿ ಎಳೆದು ಕಟ್ಟಬೇಕು. ಮೂರು ಸೀರೆಯ ಉದ್ದ. ಎರಡೂ ತುದಿಗೆ ಗೂಟ, ನಡುವೆ ಅಲ್ಲಲ್ಲಿ ಕವೆಗೋಲು. ತೆಳ್ಳನೆಯ ಗಂಜಿನೀರು ಸವರಿ, ಅಂಟಿಕೊಂಡ ಎಳೆಗಳನ್ನು ಬಿಡಿಸಿ, ತುಂಡಾದದ್ದಕ್ಕೆ ಗಂಟು ಹಾಕಿ, ಒಣಗಿದ ಮೇಲೆ ಸುತ್ತಿಕೊಂಡು ಹೋಗಬೇಕು. ಇದೆಲ್ಲ ಬೆಳಕು ಹರಿದ ಮೇಲೆ, ಗಾಳಿ ಏಳುವ ಮೊದಲು. ನಮ್ಮ ಕಡೆಯ ಗಾಳಿ ಗೊತ್ತಿರುವವರಿಗೆ ಇದು ಅರ್ಥವಾಗುತ್ತದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಜೋರಾಗಿ ತಿರುಗತೊಡಗಿದವೆಂದರೆ ಬಯಲಲ್ಲಿ ಒಂದೆಳೆ ರೇಷ್ಮೆಯೂ ಇರಬಾರದು. ಹಾಗಾಗಿ ಎಂಟೂವರೆಗೆ ಎಲ್ಲ ಮುಗಿದಿರುತ್ತಿತ್ತು.

ಮುಗಿದ ಮೇಲೆ ಗೂಟ ಕಿತ್ತುಕೊಂಡು ಹೋಗಬೇಕು. ಇದು ಕಾಲೊನಿಯ ಕಟ್ಟು. ಗೂಟ ಕಿತ್ತ ತೂತಿಗೆ ಮಣ್ಣು ತುಂಬಿ ಹಿಮ್ಮಡಿಯಲ್ಲಿ ತುಳಿದು, ನೆಲ ಗುಡಿಸಿ, ಬಿದ್ದ ಎಳೆಯ ಚೂರುಗಳನ್ನು ಆಯ್ದು ಮಡಿಲಲ್ಲಿ ಹಾಕಿಕೊಂಡು ಹೋಗಬೇಕು. ಒಂದು ಗೂಟ ಮರೆತು ನಿಂತಿದ್ದರೆ ಜಗಳವೇ. ಯಾಕೆಂದರೆ ಬಯಲು ಎಲ್ಲರದು, ದಿನಕ್ಕೆ ನಾಲ್ಕು ಮನೆಯ ಪಾಳಿ. ಇವತ್ತು ಗೂಟ ಬಿಟ್ಟವನು ನಾಳೆ ಅದು ನನ್ನ ಜಾಗ ಅನ್ನುತ್ತಾನೆ ಎಂದು ಹಿರಿಯರು ಮೊದಲೇ ಲೆಕ್ಕ ಹಾಕಿದ್ದರು. ಪಾಳಿ ಹೇಳುತ್ತಿದ್ದುದು ಕೊನೆಯ ಸಾಲಿನ ಮನೆಯ ಅಜ್ಜ. ಅವರಿಗೆ ನೇಯುವುದಕ್ಕೆ ಕಣ್ಣು ಸಾಲುತ್ತಿರಲಿಲ್ಲ, ಪಾಳಿ ಹೇಳುವುದಕ್ಕೆ ಬಾಯಿ ಸಾಕಾಗಿತ್ತು. "ಗೂಟ ಕೀಳ್ದೆ ಹೋದೋನು ಮನೆ ಮುರುಕ" ಎಂದು ಹೆಂಗಸರು ಗಂಡಸರೆನ್ನದೆ ಬೈಯುತ್ತಿದ್ದರು. ನಾನು ಹತ್ತು ವರ್ಷದವಳಾಗಿದ್ದಾಗಿನಿಂದ ಆ ತೂತುಗಳನ್ನು ಹಿಮ್ಮಡಿಯಲ್ಲಿ ಮುಚ್ಚಿದವಳು. ಒಂಬತ್ತು ಗಂಟೆಗೆ ಯಾರಾದರೂ ಬಂದು ನೋಡಿದರೆ ನಮ್ಮ ಬಯಲು ಯಾವ ಕೆಲಸಕ್ಕೂ ಬಾರದ ಚೊಕ್ಕಟ ನೆಲ.

ತಾರಸಿಗಳು ಸೋರತೊಡಗಿ ಹತ್ತು ವರ್ಷವಾಗಿತ್ತು. ಮೊದಲು ಒಂದು ಮೂಲೆ, ಆಮೇಲೆ ಎರಡು, ಆಮೇಲೆ ಎಲ್ಲಿ ಸೋರುವುದಿಲ್ಲ ಎಂದು ಹುಡುಕುವ ಸ್ಥಿತಿ. ಗಾರೆ ಉದುರಿ ಕಬ್ಬಿಣ ಕಾಣುತ್ತಿತ್ತು. ಮಳೆ ಬಂದರೆ ನಮ್ಮ ಅನ್ನದ ಪಾತ್ರೆಗಳೆಲ್ಲ ಮಗ್ಗದ ಸುತ್ತ ಬಂದು ಕೂರುತ್ತಿದ್ದವು. ಅತ್ತಿಗೆ ಪ್ಲಾಸ್ಟಿಕ್ ಹಾಳೆಯನ್ನು ಮೊದಲು ಮಗ್ಗಕ್ಕೆ ಹೊದಿಸುತ್ತಿದ್ದರು, ಉಳಿದರೆ ನಮಗೆ. ಒಂದು ಮುಂಗಾರಿನಲ್ಲಿ ತಟ್ಟೆಯಗಲದ ಗಾರೆ ಮದುವೆ ಸೀರೆಯ ಹಾಸಿನ ಮೇಲೆ ಬಿತ್ತು. ಎಳೆಗಳು ಹರಿದುಹೋದವು. ಅತ್ತಿಗೆ ಮೂರು ದಿನ ಬಗ್ಗಿ ಕುಳಿತು ಒಂದೊಂದೇ ಎಳೆಯನ್ನು ಹುಡುಕಿ ಗಂಟು ಹಾಕಿದರು. ಅಳಲಿಲ್ಲ, ತೆಲುಗಿನಲ್ಲಿ ಸರ್ಕಾರವನ್ನು ಮಾತ್ರ ಬೈದರು. ನಾನು ಆ ಮೂರು ದಿನ ಅವರ ಬಗ್ಗಿದ ಬೆನ್ನನ್ನೇ ನೋಡಿದೆ. ಹೇಗಾದರೂ ಈ ತಾರಸಿ ಸರಿಮಾಡಿಸಲೇಬೇಕು ಎಂದು ನಾನೇ ಹಟಕ್ಕೆ ಬಿದ್ದೆ. ನಮ್ಮ ಮನೆಯಲ್ಲಿ ಹಟ ಎಂದರೆ ನಾನೇ.

ಎಷ್ಟೋ ಅರ್ಜಿ ಬರೆದೆ. ದುರಸ್ತಿಗೆ ಅನುದಾನ ಇಲ್ಲ ಎಂಬ ಒಂದೇ ಉತ್ತರ ಬರುತ್ತಿತ್ತು. ಕೊನೆಗೆ ವಸತಿ ಕಚೇರಿಯವರೇ ಒಂದು ದಾರಿ ತೋರಿಸಿದರು. ಕಾಲೊನಿಯ ಎದುರಿನ ಖಾಲಿ ಜಾಗವನ್ನು ಮೂವತ್ತು ವರ್ಷದ ಗುತ್ತಿಗೆಗೆ ಒಬ್ಬ ಬಿಲ್ಡರ್‌ಗೆ ಕೊಡುವುದು, ಅವನು ಅಲ್ಲಿ ಮಳಿಗೆಗಳನ್ನೂ ಮೇಲೊಂದು ಸಮಾರಂಭದ ಹಾಲನ್ನೂ ಕಟ್ಟಿಕೊಳ್ಳುವುದು, ಗುತ್ತಿಗೆಯಿಂದ ಬಂದದ್ದರಲ್ಲಿ ನಲವತ್ತೂ ಮನೆಯ ತಾರಸಿ, ನೆಲ ಹೊಸದು ಮಾಡುವುದು. ಕಾಲೊನಿಯವರ ಒಪ್ಪಿಗೆ ಪತ್ರ ಬೇಕು, ಅಷ್ಟೇ. ಅದನ್ನು ಹೇಳಲು ಬಂದ ಅಧಿಕಾರಿ ಒಳ್ಳೆಯ ಮನುಷ್ಯ. ಅವರು ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ. ಬಯಲಿನ ನಾಲ್ಕೂ ಮೂಲೆ ಫೋನಿನಲ್ಲಿ ಫೋಟೊ ತೆಗೆದುಕೊಂಡು, "ಇಷ್ಟು ಕ್ಲೀನಾಗಿ ಇಟ್ಕೊಂಡಿದ್ದೀರಲ್ರೀ, ಬೇರೆ ಕಡೆ ಆಗಿದ್ರೆ ತಿಪ್ಪೆ ಆಗಿರೋದು" ಎಂದರು. ನಮಗೆಲ್ಲ ಹೆಮ್ಮೆಯಾಯಿತು. ಹೊಗಳಿದವರಿಗೆ ಟೀ ಕೊಟ್ಟು ಕಳಿಸಿದೆವು.

ಆ ಸಂಜೆ ಎಲ್ಲರೂ ಬಯಲಲ್ಲೇ ಸೇರಿದರು. ಪತ್ರ ಓದಿ ಹೇಳಿದವಳು ನಾನು. ತಾರಸಿ ಎಂದ ಕೂಡಲೇ ಎಲ್ಲರ ಮುಖ ಅರಳಿತು. ಸೋರಿ ಸೋರಿ ಸಾಕಾಗಿದ್ದ ಜನ, ಇನ್ನೇನು ಕೇಳಬೇಕು? ಅಜ್ಜ ಒಬ್ಬರೇ ಕೋಲಿನಿಂದ ನೆಲ ಕುಟ್ಟಿ ಕೇಳಿದರು.

"ಅಲ್ಲಮ್ಮ, ಅಲ್ಲಿ ಅವ್ರು ಕಟ್ಟಿದ್ರೆ ಹಾಸು ಎಲ್ಲಿ ಎಳೀತೀವಿ?"

"ಅವ್ರು ಕಟ್ಟೋದು ರಸ್ತೆ ಕಡೆ ಅಜ್ಜಾ. ಹಿಂದ್ಗಡೆ ಜಾಗ ಬಿಟ್ಟೇ ಬಿಡ್ತಾರೆ" ಎಂದೆ.

"ಪತ್ರದಾಗೆ ಐತಾ ಅದು?"

"ಇರುತ್ತೆ ಬಿಡ್ರಿ."

ಪತ್ರದಲ್ಲಿ ಇರಲಿಲ್ಲ. ಹಿಂದೆ ಜಾಗ ಬಿಡುತ್ತಾರೋ ಇಲ್ಲವೋ ನನಗೆ ಗೊತ್ತೂ ಇರಲಿಲ್ಲ. ಕಟ್ಟಡಕ್ಕೆ ಹಿಂದೆ ಇಷ್ಟು ಅಡಿ ಬಿಡಬೇಕು ಎಂದು ಎಲ್ಲೋ ಯಾವುದೋ ಅರ್ಜಿಯಲ್ಲಿ ಓದಿದ್ದ ನೆನಪಿನ ಮೇಲೆ ಹೇಳಿಬಿಟ್ಟೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಓದಿದವಳು ನಾನು, ಇವರೇನು ನನ್ನನ್ನು ಪ್ರಶ್ನೆ ಕೇಳುವುದು ಎಂಬ ಸೊಕ್ಕು. ಅಜ್ಜ ನನ್ನ ಮುಖವನ್ನು ಒಂದು ಗಳಿಗೆ ನೋಡಿ, "ನೀನೇ ಅಂದ್ಮೇಲೆ ಆತು" ಎಂದು ಹೆಬ್ಬೆಟ್ಟು ಒತ್ತಿದರು. ಅವರ ಹಿಂದೆ ಉಳಿದವರು. ಅತ್ತಿಗೆ ಎಲ್ಲರಿಗಿಂತ ಮೊದಲೇ ಸಹಿ ಹಾಕಿದ್ದರು, ನನ್ನ ಮಾತು ಮುಗಿಯುವುದಕ್ಕೂ ಕಾದಿರಲಿಲ್ಲ.

ಮಾರನೆಯ ದಿನ ಬಸ್ಸಿನಲ್ಲಿ ಚಳ್ಳಕೆರೆಗೆ ಹೋಗುವಾಗ ಕಾಗದಗಳನ್ನು ಎದೆಗವಚಿಕೊಂಡಿದ್ದೆ. ಕೊಂಡ್ಲಹಳ್ಳಿಯ ಕಡೆಯಿಂದ ಬಂದು ಹತ್ತಿದ ಒಬ್ಬಾಕೆ ಏನಮ್ಮಾ ಅದು ಎಂದರೆ, ನಮ್ಮ ಮನೆಗಳ ತಾರಸಿ ಎಂದು ಕೊಚ್ಚಿಕೊಂಡೆ. ಅಂಗಡಿಯಲ್ಲಿ ಕುಳಿತು ಒಪ್ಪಿಗೆ ಪತ್ರದ ಜೊತೆಗಿಡುವ ನಮೂನೆ ಟೈಪು ಮಾಡಿದೆ. ಜಾಗದ ಅಳತೆ, ಚಕ್ಕುಬಂದಿ, ಎಲ್ಲ ಸಲೀಸು. ಒಂದು ಕಾಲಂನಲ್ಲಿ 'ಸದರಿ ಜಾಗದ ಪ್ರಸ್ತುತ ಉಪಯೋಗ' ಎಂದಿತ್ತು. ಅಲ್ಲಿ ನನ್ನ ಬೆರಳು ನಿಂತಿತು. ನಿಂತದ್ದು ನಿಜ, ಮರೆಮಾಚುವುದಿಲ್ಲ. ಬೆಳಿಗ್ಗೆ ಹಾಸು ಎಳೆಯಲು ಬಳಸುತ್ತಾರೆ ಎಂದು ಬರೆಯಲೇ? ಬರೆದರೆ ಪ್ರಶ್ನೆ. ಯಾರು, ಯಾವಾಗಿನಿಂದ, ದಾಖಲೆ ಏನು, ಮತ್ತೆ ಸ್ಥಳ ಪರಿಶೀಲನೆ, ಅಷ್ಟರಲ್ಲಿ ಇನ್ನೊಂದು ಮಳೆಗಾಲ, ಮತ್ತೆ ಅತ್ತಿಗೆಯ ಬಗ್ಗಿದ ಬೆನ್ನು. ಅಲ್ಲದೆ ನನ್ನ ತಲೆಯಲ್ಲಿ ಉಪಯೋಗ ಎಂದರೆ ಕಟ್ಟಡ, ಬೆಳೆ, ಕಣ, ದನದ ಕೊಟ್ಟಿಗೆ, ಹೀಗೆ ಕಣ್ಣಿಗೆ ಕಾಣುವಂಥದು. ದಿನಾ ಕಿತ್ತುಕೊಂಡು ಹೋಗುವ ಗೂಟವನ್ನು ಯಾವ ಕಾಲಂನಲ್ಲಿ ನೆಡುವುದು? 'ಯಾವುದೂ ಇರುವುದಿಲ್ಲ' ಎಂದು ಟೈಪು ಮಾಡಿ, ಮುಂದಿನ ಕಾಲಂಗೆ ಹೋದೆ. ಆ ಅರ್ಜಿಯೂ ವಾಪಸ್ ಬರಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ನಮ್ಮ ಮನೆಯ ಪಾಳಿ ಇತ್ತು. ಅತ್ತಿಗೆ ಹಾಸಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, ನಾನು ಗೂಟ, ಕವೆಗೋಲು, ಗಂಜಿಯ ಬಕೆಟ್ಟು ಹಿಡಿದು ಹೊರಗೆ ಬಂದೆವು. ಬಯಲಿನ ಸುತ್ತ ಹಸಿರು ತಗಡು ನಿಂತಿತ್ತು. ಹಿಂದಿನ ಸಂಜೆಯೇ ಹಾಕುತ್ತಿದ್ದರಂತೆ, ರಸ್ತೆ ಕಡೆ ಮಾತ್ರ ಎಂದುಕೊಂಡು ಯಾರೂ ಗಮನ ಕೊಟ್ಟಿರಲಿಲ್ಲ. ತಗಡು ನಮ್ಮ ಮನೆಗಳ ಜಗುಲಿಯಿಂದ ಮೂರು ಹೆಜ್ಜೆಯವರೆಗೂ ಬಂದಿತ್ತು, ನಡುವೆ ಉಳಿದದ್ದು ಸೊಟ್ಟ ಓಣಿ. ಅತ್ತಿಗೆ ಅದರ ಮುಂದೆ ನಿಂತು ಒಮ್ಮೆ ಈ ತುದಿ, ಒಮ್ಮೆ ಆ ತುದಿ ನೋಡಿದರು. ಅವರ ಹೆಗಲ ಮೇಲೆ ಮೂರು ಸೀರೆಯ ಉದ್ದದ ರೇಷ್ಮೆ ಇತ್ತು, ಎದುರಿಗೆ ಅದರ ಅರ್ಧದಷ್ಟೂ ನೇರ ಜಾಗ ಇರಲಿಲ್ಲ.

"ಬಾಗಿಲು ಎಲ್ಲಿ ಇಟ್ಟವ್ರೆ ನೋಡು" ಎಂದರು. ಒಳಗೆ ಹೋಗಲು ನಮಗೊಂದು ಬಾಗಿಲು ಇಟ್ಟೇ ಇರುತ್ತಾರೆ ಎಂದು ಅವರು ನಿಜವಾಗಿ ನಂಬಿದ್ದರು. ನಾನು ಬಕೆಟ್ಟು ಹಿಡಿದು ತಗಡಿನ ಸುತ್ತ ಒಂದು ಸುತ್ತು ಬಂದೆ. ನಮ್ಮ ಕಡೆಗೆ ಬಾಗಿಲು ಇರಲಿಲ್ಲ.

ಅವತ್ತೇ ಕಚೇರಿಗೆ ಹೋದೆ. ಟೀ ಕುಡಿದು ಹೋಗಿದ್ದ ಅಧಿಕಾರಿಯೇ ಇದ್ದರು. ನಾನು ಏರಿದ ದನಿಯಲ್ಲೇ ಶುರು ಮಾಡಿದೆ. ನೇಕಾರರ ಕಾಲೊನಿಯಲ್ಲಿ ಹಾಸು ಎಳೆಯಲು ಜಾಗ ಬೇಡವೇ, ನಿಮಗೆ ಅಷ್ಟೂ ತಿಳಿಯುವುದಿಲ್ಲವೇ, ಹೀಗೆ.  ಅವರು ಫೈಲು ತರಿಸಿ, ಹಾಳೆ ತಿರುಗಿಸಿ, ನನ್ನ ಕಡೆ ತಳ್ಳಿದರು.

"ಇದು ನಿಮ್ ಕಡೆಯಿಂದ್ಲೇ ಬಂದಿದ್ದಲ್ವಾ ಮೇಡಂ?"

ನನ್ನದೇ ಸಾಲು. ಅದರ ಕೆಳಗಿನ ಹಾಳೆಯಲ್ಲಿ ನಲವತ್ತು ಮನೆಯ ಸಹಿ, ಹೆಬ್ಬೆಟ್ಟು. ಮೇಲೆ ಪಿನ್ನು ಹಾಕಿದ ನಾಲ್ಕು ಫೋಟೊ, ಒಂದರಲ್ಲೂ ಒಂದು ಗೂಟದ ತೂತಿಲ್ಲ. ನಾನು ಕುರ್ಚಿಯ ಮೇಲೆ ಕುಳಿತೆ. ಅವರೇ ಮುಂದುವರಿಸಿದರು. "ಒಂದ್ ಸಾಲು ಬರ್ದಿದ್ರೆ ಸಾಕಿತ್ತು. ಹಿಂದ್ಗಡೆ ಉದ್ದಕ್ಕೂ ಇಪ್ಪತ್ತಡಿ ಬಿಟ್ಟೇ ನಕ್ಷೆ ಮಾಡ್ತಿದ್ವಿ. ಈಗ ಗುತ್ತಿಗೆ ನೋಂದಣಿ ಆಗೋಗಿದೆ." ಅವರ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ಮರುಕವೇ ಇತ್ತು. ಬೈದಿದ್ದರೆ ನಾನೂ ಬೈದು ಎದ್ದು ಬರುತ್ತಿದ್ದೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಬೇರೆಯವರ ಮೂಗು ಕೊಯ್ದವಳ ಬಗ್ಗೆ ಗಾದೆ ಇಲ್ಲ.

ಸುಮ್ಮನೆ ಕೂರಲಿಲ್ಲ, ಮಾಡುವಷ್ಟು ಮಾಡಿದೆ. ಬಿಲ್ಡರ್ ಹತ್ತಿರ ಹೋಗಿ ಕೈ ಮುಗಿದೆ. ಅವನು ಕೆಟ್ಟವನಲ್ಲ, ಕಟ್ಟಡ ಮುಗಿದ ಮೇಲೆ ಬೆಳಿಗ್ಗೆ ಹೊತ್ತು ಪಾರ್ಕಿಂಗ್ ಜಾಗ ಬಳಸಿಕೊಳ್ಳಿ ಎಂದ. ಕಾಂಕ್ರೀಟಿನಲ್ಲಿ ಗೂಟ ಎಲ್ಲಿ ಹೊಡೆಯುವುದು? ಕೆಲಸ ನಿಲ್ಲಬಾರದಲ್ಲ ಎಂದು ಹೆಂಗಸರು ಓಣಿಯಲ್ಲಿ ಎಳೆದು ನೋಡಿದರು. ಓಣಿ ಎರಡು ಕಡೆ ತಿರುಗುತ್ತದೆ, ನಡುವೆ ನೀರಿನ ಟ್ಯಾಂಕು, ಬೈಕುಗಳು. ಕೊನೆಗೆ ಅತ್ತಿಗೆ, ಪಕ್ಕದ ಮನೆಯಾಕೆ, ನಾನು ಮೂವರೂ ಊರಾಚೆ ಡಾಂಬರು ರಸ್ತೆಯ ಮಗ್ಗುಲಿಗೆ ಹೋಗಿ ಎಳೆದೆವು. ನಾಲ್ಕು ಸಲ ಸುಸೂತ್ರವಾಯಿತು. ಐದನೆಯ ಸಲ ಎದುರಿನಿಂದ ಬಂದು ಮಗ್ಗುಲಿಗೆ ಸರಿದ ಬೈಕಿನವನಿಗೆ ಬೆಳಗಿನ ಬಿಸಿಲಲ್ಲಿ ರೇಷ್ಮೆ ಕಾಣಲಿಲ್ಲ. ಅವನು ಬಿದ್ದ, ಮೊಣಕಾಲು ತರಚಿತು. ಹಾಸು ಚಕ್ರಕ್ಕೆ ಸುತ್ತಿಕೊಂಡಿತು. ಅತ್ತಿಗೆ ಮೊದಲು ಅವನನ್ನು ಎಬ್ಬಿಸಿ ನೀರು ಕೊಟ್ಟು, ಆಮೇಲೆ ಚಕ್ರದ ಪಕ್ಕ ಕುಳಿತು ಎಳೆ ಬಿಡಿಸಲು ನೋಡಿದರು. ಸ್ವಲ್ಪ ಹೊತ್ತಿನ ನಂತರ ನನ್ನ ಕಡೆ ಕೈ ಚಾಚಿ, "ಕತ್ರಿ ಕೊಡು" ಎಂದರು. ಅಷ್ಟು ವರ್ಷದಲ್ಲಿ ಅವರು ಇನ್ನೂ ನೇಯದ ಹಾಸಿನ ಎಳೆಗೆ ಕತ್ತರಿ ಇಟ್ಟದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಎಳೆಯಲಿಲ್ಲ. ಶಕ್ತಿ ಇದ್ದ ಕೆಲವು ಮನೆಯವರು ಧರ್ಮಾವರದಿಂದ ತಯಾರಾದ ಹಾಸು ತರಿಸಿಕೊಂಡು ನೇಯುತ್ತಿದ್ದಾರೆ. ಮಿಕ್ಕ ಮಗ್ಗಗಳು ಒಂದೊಂದಾಗಿ ನಿಂತವು. ಯಾರೂ ನನ್ನ ಮೇಲೆ ಕೂಗಾಡಲಿಲ್ಲ. ಅಜ್ಜ ಮಾತ್ರ ನನ್ನನ್ನು ಕಂಡರೆ ಕೋಲು ಊರಿಕೊಂಡು ಬೇರೆ ಓಣಿಗೆ ತಿರುಗುತ್ತಿದ್ದರು. ಒಂದು ದಿನ ದಾರಿಗೆ ಅಡ್ಡ ನಿಂತು, "ಅಜ್ಜಾ, ನಾಲ್ಕು ಬೈದು ಬಿಡ್ರಿ" ಎಂದೆ. "ಪಾಳಿ ತಪ್ಪಿದೋರ್ನ ಬೈತಿದ್ದೆ ಕಣಮ್ಮ. ಪಾಳೀನೇ ಇಲ್ಲ, ಯಾರ್ನ ಬೈಲಿ" ಎಂದು ಪಕ್ಕಕ್ಕೆ ಸರಿದು ಹೋದರು. ಮನೆಗೆ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತೆ.

ಕೊಟ್ಟ ಮಾತಿನಂತೆ ದುರಸ್ತಿಯೂ ಶುರುವಾಯಿತು. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕೆಲಸ ಒಳ್ಳೆಯದೇ. ಹಳೆಯ ಗಾರೆ ಕಿತ್ತು, ತುಕ್ಕು ಉಜ್ಜಿ, ಹೊಸ ಪದರ ಹಾಕಿ ನೀರು ನಿಲ್ಲಿಸಿ ಪರೀಕ್ಷೆ ಮಾಡಿದರು. ಒಂದು ಹನಿ ಇಳಿಯಲಿಲ್ಲ. ತಾರಸಿ ಮುಗಿದ ಮನೆಗಳಿಗೆ ನೆಲಕ್ಕೆ ಟೈಲ್ಸು. ನಮ್ಮ ಸಾಲಿಗೆ ಅವರು ಬರುವ ಹೊತ್ತಿಗೆ ಅತ್ತಿಗೆ ಲಾಳಿ ಬಿಟ್ಟು ಆರು ತಿಂಗಳಾಗಿತ್ತು. ಹಾಸ್ಟೆಲ್ಲೊಂದರಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದರು. ಮಗ್ಗದ ಮೇಲೆ ಒಗೆದ ಬಟ್ಟೆ ಮಡಿಸಿಡುತ್ತಿದ್ದೆವು. ಟೈಲ್ಸಿನವರು ಬರುವ ಹಿಂದಿನ ದಿನ ಅಣ್ಣ ಮರದ ಚೌಕಟ್ಟನ್ನು ಬಿಚ್ಚಿ ಗೋಡೆಗೆ ಒರಗಿಸಿದ.

ಮೇಸ್ತ್ರಿ ಗುಂಡಿಯ ಅಂಚಿಗೆ ಬಂದು ನಿಂತ. "ಅಕ್ಕಾ, ಇದ್ನ ಹಂಗೇ ಬಿಟ್ಟು ಸುತ್ತ ಟೈಲ್ಸ್ ಹಾಕ್ಲಾ, ಮುಚ್ಚಿಬಿಡ್ಲಾ?"

"ಬಿಡಪ್ಪಾ, ಹಂಗೇ ಬಿಡು" ಎಂದು ನಾನು ಥಟ್ಟನೆ ಹೇಳಿದೆ.

ಅತ್ತಿಗೆ ನನ್ನತ್ತ ನೋಡಿ ನಕ್ಕರು. "ಬಿಟ್ಟು ಏನ್ ಮಾಡ್ತೀಯಾ? ಕತ್ಲಲ್ಲಿ ಕಾಲಿಟ್ಟು ನೀನೇ ಬೀಳ್ತೀಯಾ. ಮುಚ್ಚಪ್ಪಾ" ಎಂದರು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಗುಂಡಿಗೆ ಇಳಿದರು. ತುಳಿಯುವ ಮಣೆಗಳನ್ನು ಬಿಚ್ಚಿ ಒಂದೊಂದಾಗಿ ನನ್ನ ಕೈಗೆ ಕೊಟ್ಟರು. ಅವರ ಕಾಲು ತಾಗಿ ತಾಗಿ ಮಣೆಗಳ ನಡುಭಾಗ ನುಣ್ಣಗೆ ತಗ್ಗಾಗಿತ್ತು. ಕೊನೆಯದನ್ನು ಕೊಟ್ಟ ಮೇಲೆ ಮೇಲೇಳಲು ನೋಡಿದರು, ಆಗಲಿಲ್ಲ. ದಿನಕ್ಕೆ ಹತ್ತು ಸಲ ಇಳಿದು ಹತ್ತಿದ ಗುಂಡಿ, ಆರು ತಿಂಗಳಲ್ಲಿ ಮಂಡಿ ಮರೆತಿತ್ತು. ಕೈ ಚಾಚಿದರು. ನಾನು ಹಿಡಿದು ಎಳೆದುಕೊಂಡೆ.

ನಾವಿಬ್ಬರೂ ಗೋಡೆಗೊರಗಿ ಕುಳಿತೆವು. ಕೆಲಸದವರು ಬಾಂಡ್ಲಿ ಬಾಂಡ್ಲಿ ಮಣ್ಣು ತಂದು ಸುರಿದು ದಿಮ್ಮಸು ಹಾಕತೊಡಗಿದರು. ಹೊರಗೆ ಅಷ್ಟು ಹೊತ್ತಿಗೆ ಮಳೆ ಹಿಡಿದಿತ್ತು. ಅತ್ತಿಗೆ ತಲೆಯೆತ್ತಿ ತಾರಸಿಯನ್ನು ಮೂಲೆಯಿಂದ ಮೂಲೆಗೆ ನೋಡಿದರು. ಎಲ್ಲೂ ತೇವ ಇರಲಿಲ್ಲ.

"ಒಂದ್ ಹನೀನೂ ಸೋರ್ತಿಲ್ಲ ನೋಡು" ಎಂದರು. ನನ್ನನ್ನು ಚುಚ್ಚಲು ಹೇಳಿದ ಮಾತಲ್ಲ, ಅವರಿಗೆ ಹಾಗೆ ಚುಚ್ಚಲು ಬರುವುದಿಲ್ಲ. ನನ್ನ ಮುಖ ನೋಡಿ ಸಮಾಧಾನ ಮಾಡಬೇಕೆನಿಸಿತೇನೋ, ಬೆನ್ನ ಮೇಲೆ ಕೈಯಿಟ್ಟರು. "ಇದಕ್ಕೇ ಅಲ್ವಾ ನೀನು ಅಷ್ಟು ಒದ್ದಾಡಿದ್ದು?"

"ಹೂಂ ಅತ್ತಿಗೆ" ಎಂದೆ. "ಮಗ್ಗ ನೆನೀಬಾರ್ದು ಅಂತ."